10ನೇ ವಚನವನ್ನೂ ಪ್ರಿಂಟ್ ಮಾಡಿ

ಸಂಪಾದಕರೇ,

ಹೊಸ ವರ್ಷಕ್ಕೆ ಚರ್ಚುಗಳಲ್ಲಿ ವಾಗ್ದಾನ ಕಾರ್ಡ್ (ದೇವರು ಮಾತು ಕೊಟ್ಟ ಬೈಬಲ್ ವಚನ ಅಚ್ಚು ಹಾಕಿದ ಕಾರ್ಡ್) ಕೊಡುವ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಬರಹ ಓದಿದೆ, ಚೆನ್ನಾಗಿತ್ತು, ಆದ್ರೆ ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಿದೆ ಅನ್ನಿಸ್ತು, ಅದಕ್ಕೇ ಬರೀತಿದ್ದೇನೆ. ಈ ಕಾರ್ಡುಗಳಲ್ಲಿ ಎಲ್ಲರಿಗೂ ಇಷ್ಟ ಬೈಬಲಿನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ, ನಿಮಗೆ ಒಳ್ಳೇದೇ ಯೋಚಿಸಿದ್ದೇನೆ ಕೇಡಲ್ಲ ಅಂತ ದೇವರು ಹೇಳುವ ಮಾತು. ಫ್ರೇಮ್ ಹಾಕಿಸಿ ಹಾಲಲ್ಲಿ ತೂಗು ಹಾಕ್ತೇವೆ, ಸ್ಟೇಟಸ್ ಇಡ್ತೇವೆ, ಡಿಸೆಂಬರ್ ಒಳಗೆ ಮಗನಿಗೆ ಕೆಲಸ ಆಗ್ಲಿಲ್ಲ ಅಂದ್ರೆ ದೇವರೇ ಮಾತು ತಪ್ಪಿದ ಹಾಗೆ ಮುಖ ಸಣ್ಣ ಮಾಡ್ಕೊಳ್ತೇವೆ.

ಅದರ ಹಿಂದಿನ 10ನೇ ವಚನ ಮಾತ್ರ ಯಾರೂ ಪ್ರಿಂಟ್ ಮಾಡುದಿಲ್ಲ. ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಜೆರುಸಲೇಮಿಂದ ಕಳಿಸಿದ ಪತ್ರ ಅದು, 70 ವರ್ಷ ಆದ ಮೇಲೆ ವಾಪಸ್ ಕರ್ಕೊಂಡು ಬರ್ತೇನೆ ಅಂತ ಇರೋದು, ಅಂದ್ರೆ ಅದನ್ನು ಕೇಳಿಸಿಕೊಂಡ ದೊಡ್ಡವರು ಹೆಚ್ಚಿನವರು ಊರಿನ ಮುಖ ನೋಡದೇ ಅಲ್ಲೇ ತೀರಿಹೋಗಿರ್ತಾರೆ. ಅವರಿಗೆ ಹೇಳಿದ್ದು ಏನು, ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಪಟ್ಟಣಕ್ಕೋಸ್ಕರ ಪ್ರಾರ್ಥನೆನೂ ಮಾಡಿ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಒಬ್ಬ ಇದ್ದಾನೆ, ಎರಡೇ ವರ್ಷದಲ್ಲಿ ಎಲ್ಲಾ ಸರಿಯಾಗ್ತದೆ ಅಂದವ, ಸುಳ್ಳು ಪ್ರವಾದಿ. ಈಗಲೂ ಕೆಲವು ಸ್ಟೇಜುಗಳಲ್ಲಿ ಚಪ್ಪಾಳೆ ಬೀಳೋದು ಇಂಥವರಿಗೇ (ಕಾಣಿಕೆನೂ ಅವರಿಗೇ ಜಾಸ್ತಿ, ಅದು ಬೇರೆ ಕಥೆ).

ಯೇಸುವಿನ ಅಪೊಸ್ತಲ ಪೌಲ ಮೂರು ಸಲ ಬೇಡಿದ್ರೂ ಶರೀರದ ಮುಳ್ಳು (ಅವನನ್ನು ಬಿಡದೆ ಕಾಡುತ್ತಿದ್ದ ಕಷ್ಟ) ಹೋಗ್ಲಿಲ್ಲ, ನನ್ನ ಕೃಪೆಯೇ ಸಾಕು ಅಂತ ದೇವರ ಉತ್ತರ ಬಂತು. ನಮ್ಮ ಮಂಗಳೂರಲ್ಲೂ ನೋಡಿ, 1834ರಲ್ಲಿ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಂಧಿಸಿ ದೇಶದಿಂದಲೇ ಕಳಿಸಿಬಿಟ್ರು, ಹಂಚಿನ ಕಾರ್ಖಾನೆಗಳೂ ಮಿಶನ್ನಿನ ಕೈಬಿಟ್ಟು ಹೋದವು, ಹೋದ ಪಾದ್ರಿಗಳಲ್ಲಿ ಎಷ್ಟೋ ಜನ ತಿರುಗಿ ಬರಲೇ ಇಲ್ಲ, ಆದ್ರೂ ಊರಿನವರೇ ನಿಂತು ಸಭೆ (ಚರ್ಚು) ನಡೆಸಿದ್ರು. ದೇವರ ಸಹಾಯ ಅಂದ್ರೆ ನನಗೆ ಇದೇ ಕಣ್ಣಿಗೆ ಬರ್ತದೆ, ಲಾಟ್ರಿ ಹೊಡೆದ ಹಾಗೆ ಬರೋದು ಅಲ್ಲ.

ಹಾಗಾಗಿ ಸಭೆ ಹಿರಿಯರಲ್ಲಿ ಒಂದು ಕೋರಿಕೆ ಉಂಟು. ಡಿಸೆಂಬರ್ 31ರ ರಾತ್ರಿ ಚರ್ಚಲ್ಲಿ ಸಾಕ್ಷಿ ಹೇಳುವಾಗ, ಅಂದ್ರೆ ದೇವರು ಮಾಡಿದ ಸಹಾಯವನ್ನ ಎಲ್ಲರ ಮುಂದೆ ಹೇಳುವಾಗ, ವೀಸಾ ಆಯ್ತು ಸೈಟ್ ಸಿಕ್ತು ಅನ್ನುವವರ ಜೊತೆಗೆ, ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸ್ಕೊಂಡೂ ಭಾನುವಾರ ಬಂದು ಹಿಂದಿನ ಬೆಂಚಲ್ಲಿ ಕೂರುವವರಿಗೂ ಮೈಕ್ ಕೊಡಿ, ಈ ವರ್ಷ ದೇವರು ಹೇಗೆ ನಡೆಸಿದ ಅಂತ ಅವರನ್ನೂ ಕೇಳಿ, ಆಸ್ಪತ್ರೆಗೆ ಬೈಕಲ್ಲಿ ಬಿಟ್ಟು ಬಂದ ಯೂತ್ ಹುಡುಗರ ಹೆಸರು ಆಗ ಹೊರಗೆ ಬರ್ಲೂಬಹುದು.

ಇತಿ,
ಒಬ್ಬ ಓದುಗ, ಮಂಗಳೂರು