ವ್ಯಾನ್‌ಗಳ ಹಿಂದಿನ ಸೀಟು ಸುಲಭವಾಗಿ ಬಿಚ್ಚುವಂತಿರಲಿ

ಮಾನ್ಯರೇ,

ಮನೆಮಂದಿಯ ಪ್ರವಾಸಕ್ಕೆಂದು ವ್ಯಾನನ್ನೇ ಕ್ಯಾಂಪರ್ (ಒಳಗೇ ಮಲಗಿ ತಂಗಬಹುದಾದ ಗಾಡಿ) ಆಗಿ ಸಜ್ಜುಗೊಳಿಸಿಕೊಳ್ಳುವವರು ಈಗ ನಮ್ಮ ಕಡೆಯೂ ಕಾಣಸಿಗುತ್ತಾರೆ. ಹಗಲು ಮೂವರು ಕೂರಲು, ರಾತ್ರಿ ಹಾಸಿಗೆಯಂತೆ ಚಾಚಿ ಮಲಗಲು ಒದಗುವ ಹಿಂದಿನ ಉದ್ದ ಸೀಟೇ ಇಂಥ ವ್ಯಾನಿನ ಜೀವಾಳ. ಆದರೆ ಹಿರಿಯರ ವೀಲ್‌ಚೇರ್, ಮಕ್ಕಳ ಸೈಕಲ್ ಅಥವಾ ಒಂದು ಕಪಾಟು ಸಾಗಿಸಬೇಕಾದ ದಿನ ಅದನ್ನು ಹೊರತೆಗೆಯುವುದು ಹೇಗೆಂದು ತಯಾರಕರಾಗಲಿ, ಒಳಾಂಗಣ ಸಜ್ಜುಗೊಳಿಸುವ ಗ್ಯಾರೇಜಿನವರಾಗಲಿ ಯೋಚಿಸಿದಂತೆ ತೋರುವುದಿಲ್ಲ.

ನಮ್ಮ ವ್ಯಾನಿನಲ್ಲಿ ಸೀಟಿನ ಕಾಲುಗಳನ್ನು ನೆಲದ ತಗಡು ಕೊರೆದು ಬೋಲ್ಟು ಹಾಕಿ ಬಿಗಿದಿದ್ದಾರೆ. ಬಿಚ್ಚಬೇಕಾದರೆ ಒಬ್ಬರು ಒಳಗೆ ಮ್ಯಾಟ್ ಎತ್ತಿ ಬೋಲ್ಟಿನ ತಲೆ ಹಿಡಿಯಬೇಕು, ಇನ್ನೊಬ್ಬರು ಗಾಡಿಯಡಿ ಅಂಗಾತ ಮಲಗಿ ನಟ್ಟು ತಿರುಗಿಸಬೇಕು. ಒಂದು ಮಳೆಗಾಲ ಕಳೆದರೆ ಸಾಕು, ಕೆಸರು ಮೆತ್ತಿ ತುಕ್ಕು ಹಿಡಿದ ನಟ್ಟು ಎಣ್ಣೆ ಬಿಟ್ಟು ಕಾದರೂ ಜಗ್ಗುವುದಿಲ್ಲ. ಅದು ಬಿಟ್ಟಿತೆಂದರೂ, ಕೈಗೆ ಒಂದು ಹಿಡಿಕೆಯೂ ಸಿಗದ ಕಬ್ಬಿಣದ ಚೌಕಟ್ಟನ್ನು ಪಕ್ಕದ ಬಾಗಿಲಿನಿಂದ ಓರೆ ಮಾಡಿ ಇಳಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ. (ಹಾಗೆ ಇಳಿಸಿದ ಸೀಟನ್ನು ಮತ್ತೆ ಏರಿಸುವ ಉತ್ಸಾಹ ಬಾರದೆ, ಅದು ತಿಂಗಳುಗಟ್ಟಲೆ ಜಗಲಿಯ ಸೋಫಾ ಆಗಿರುತ್ತದೆ ಎಂಬುದು ಬೇರೆ ಮಾತು.)

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1996ರ ಮಾದರಿಯ ಮಿನಿವ್ಯಾನ್‌ಗಳಲ್ಲೇ ಹಿಂದಿನ ಸೀಟಿಗೆ ಗಾಲಿ ಕೊಟ್ಟಿತ್ತು. ಕೊಂಡಿ ಬಿಡಿಸಿದರೆ ಸೀಟನ್ನು ಹಿಂಬಾಗಿಲಿನವರೆಗೆ ಉರುಳಿಸಿಕೊಂಡು ಬರಬಹುದಿತ್ತು. ಫೋಕ್ಸ್‌ವ್ಯಾಗನ್ 2021ರಲ್ಲಿ ತಂದ ಹೊಸ ಮಲ್ಟಿವ್ಯಾನ್‌ನಲ್ಲಿ ಉದ್ದ ಸೀಟನ್ನೇ ಕೈಬಿಟ್ಟು, ನೆಲದ ಹಳಿಗಳ ಮೇಲೆ ಸರಿಯುವ ಬಿಡಿ ಸೀಟುಗಳನ್ನು ಅಳವಡಿಸಿತು. 2019ರಲ್ಲಿ ನಮ್ಮ ದೇಶದಲ್ಲೇ ಬಿಡುಗಡೆಯಾದ, ದುಬಾರಿಯಲ್ಲದ ರೆನೊ ಟ್ರೈಬರ್ ಕಾರಿನ ಮೂರನೇ ಸಾಲಿನ ಎರಡೂ ಸೀಟುಗಳನ್ನು ಬೇರೆಬೇರೆಯಾಗಿ ಎತ್ತಿಡಬಹುದು. ಎರಡನ್ನೂ ತೆಗೆದರೆ 84 ಲೀಟರಿನ ಡಿಕ್ಕಿ 625 ಲೀಟರ್ ಆಗುತ್ತದೆ.

ಬೋಲ್ಟು ಇರುವುದು ಸುರಕ್ಷತೆಗಾಗಿ ಎಂಬ ವಾದವನ್ನು ತಳ್ಳಿಹಾಕಲಾಗದು. ಸೀಟ್ ಬೆಲ್ಟನ್ನು ಸೀಟಿನ ಚೌಕಟ್ಟಿಗೇ ಜೋಡಿಸಿದ್ದರೆ ಅಪಘಾತದಲ್ಲಿ ಕೂತವರ ಎಳೆತವೆಲ್ಲ ಅದರ ಕಾಲುಗಳ ಮೇಲೆಯೇ ಬೀಳುವುದರಿಂದ, ಚೌಕಟ್ಟೂ ಭಾರವಾಗಿ, ಬಿಗಿತವೂ ಹೆಚ್ಚಾಗಿರಬೇಕಾಗುತ್ತದೆ. ಬೆಲ್ಟನ್ನು ವ್ಯಾನಿನ ಬಾಡಿಗೆ ಜೋಡಿಸಿ, ಸೀಟನ್ನು ಎರಡು ಭಾಗ ಮಾಡಿ, ಕೊಂಡಿ ಸರಿಯಾಗಿ ಕೂರದಿದ್ದರೆ ಕೆಂಪು ಗುರುತು ಕಾಣುವಂತೆ ರೂಪಿಸಿದರೆ ಈ ಆತಂಕ ಬಹುಮಟ್ಟಿಗೆ ನೀಗುತ್ತದೆ. ಆದರೆ ಇದು ಪರೀಕ್ಷೆಗೆ ಒಳಪಡಿಸಿ ತಯಾರಕರೇ ಮಾಡಬೇಕಾದ ಕೆಲಸವೇ ಹೊರತು ಬೀದಿಬದಿಯ ವೆಲ್ಡಿಂಗ್ ಅಂಗಡಿಗೆ ಬಿಡುವಂಥದ್ದಲ್ಲ.

ಕಾನೂನಿನ ಗೊಂದಲವೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೂ ವಾಹನದ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ತಪ್ಪಿದರೆ 2019ರ ತಿದ್ದುಪಡಿಯಂತೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ವಾಹನದ ಮೂಲ ಸ್ವರೂಪವನ್ನೇ ಬದಲಿಸುವ ರಚನಾತ್ಮಕ ಬದಲಾವಣೆಯನ್ನು ಮಾತ್ರ ಆ ಕಲಮು ಮಾರ್ಪಾಡು ಎನ್ನುವುದರಿಂದ, ಕಂಪನಿಯೇ ತೆಗೆಯಲೆಂದು ಕೊಟ್ಟ ಸೀಟನ್ನು ಎರಡು ದಿನ ಮನೆಯಲ್ಲಿಟ್ಟು ಬಂದರೆ ಅದು ಅಪರಾಧವಾಗಬಾರದು. ಸಾರಿಗೆ ಇಲಾಖೆ ಈ ಬಗ್ಗೆ ಸ್ಪಷ್ಟ ಸುತ್ತೋಲೆ ಹೊರಡಿಸಿ, ರಸ್ತೆಯಲ್ಲಿ ತಪಾಸಣೆಗೆ ನಿಲ್ಲುವ ಸಿಬ್ಬಂದಿಗೂ ಅದನ್ನು ತಲುಪಿಸಬೇಕೆಂದು ಕೋರುತ್ತೇನೆ.

– ಒಬ್ಬ ವ್ಯಾನ್ ಮಾಲೀಕ, ಸಾಗರ