ಡ್ರೋನ್ ಬರಲಿ, ಔಷಧದ ಲೆಕ್ಕ ಎಕರೆಗೆ ಸಿಗಲಿ

ಮಾನ್ಯ ಸಂಪಾದಕರೇ,

ಕುಸುಬಿ ಹೊಲದೊಳಗೆ ಹೂ ಬಿಡುವ ಹೊತ್ತಿನಲ್ಲಿ ಒಮ್ಮೆಯಾದರೂ ನಡೆದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಎಲೆಯ ಅಂಚಿನ ತುಂಬ ಮುಳ್ಳು. ಹೂವಿನ ಬುಡದಲ್ಲೂ ಮುಳ್ಳು. ಕಾಲಿಗೆ ಗೋಣಿಚೀಲ ಸುತ್ತಿಕೊಂಡು, ಬೆನ್ನಿಗೆ 16 ಲೀಟರಿನ ಪಂಪು ಏರಿಸಿಕೊಂಡು ಸಾಲಿನಲ್ಲಿ ಓಡಾಡಬೇಕು. ಹಿಂದಿನವರು ಬಿಳಿಜೋಳದ ಹೊಲದ ಅಂಚಿಗೆ ಕುಸುಬಿ ಹಾಕುತ್ತಿದ್ದದ್ದೇ ದನ ಒಳಗೆ ಬರಬಾರದು ಅಂತ. ದನ ಹೆದರುವ ಬೆಳೆಯೊಳಗೆ ನಾವು ಎಣ್ಣೆ ಹೊಡೆಯಲು ಹೋಗುತ್ತೇವೆ. ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಕಡೆ 'ಎಣ್ಣಿ ಹೊಡೆಯೋದು' ಅಂತಲೇ ಅನ್ನುತ್ತಾರೆ.

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ರೈತ. ಮುಂಗಾರಿಗೆ ಮಸಾರಿಯಲ್ಲಿ (ಕೆಂಪು ಮಣ್ಣಿನ ಹೊಲ) ಶೇಂಗಾ, ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಸೂರ್ಯಕಾಂತಿ, ಹಿಂಗಾರಿಗೆ ಕಡಲೆಯ ಜೊತೆ ಕುಸುಬಿ ಬೆಳೆಯುತ್ತೇನೆ. ಎರಡು ವರ್ಷದಿಂದ ಬಾಡಿಗೆಗೆ ಡ್ರೋನ್ ತರಿಸಿ ಎಣ್ಣೆ ಹೊಡೆಸುತ್ತಿದ್ದೇನೆ. ಅದರಿಂದ ಆದ ಅನುಕೂಲವನ್ನೂ ಬಂದ ತೊಂದರೆಯನ್ನೂ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಎಣ್ಣೆಕಾಳು ಬೆಳೆಗಳಿಗೆ ಡ್ರೋನ್ ಹೇಳಿ ಮಾಡಿಸಿದಂತಿದೆ. ಕುಸುಬಿಯ ಮುಳ್ಳಿನ ಮಾತು ಆಯಿತು. ಅದರ ದೊಡ್ಡ ಶತ್ರು ಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಕೀಟ. ಚಿಗುರಿನ ತುದಿಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಮೇಲಿನಿಂದ ಬೀಳುವ ಸಣ್ಣ ಹನಿ ಅದಕ್ಕೆ ನೇರವಾಗಿ ತಾಗುತ್ತದೆ. ಸೂರ್ಯಕಾಂತಿಯದು ಬೇರೆ ಕಷ್ಟ. ಅದು ಆಳೆತ್ತರ ಬೆಳೆಯುತ್ತದೆ. ನಳಿಗೆ ಮೇಲೆತ್ತಿ ಹೊಡೆದರೆ ಅರ್ಧ ಔಷಧ ನಮ್ಮ ಮುಖಕ್ಕೇ ಬೀಳುತ್ತದೆ. ಶೇಂಗಾದಲ್ಲಿ ಹೂವಿನಿಂದ ಇಳಿದ ಎಳೆ ಮೊನೆ ಮಣ್ಣಿಗೆ ಹೋಗಿ ಕಾಯಿ ಕಟ್ಟಬೇಕು. ಆ ಹೊತ್ತಿಗೆ ಬಳ್ಳಿ ಸಾಲು ಮುಚ್ಚಿರುತ್ತದೆ. ಕಾಲಿಟ್ಟಲ್ಲೆಲ್ಲ ಮೊನೆ ಮುರಿಯುತ್ತದೆ. ಎಲೆಚುಕ್ಕೆ ರೋಗ ಜೋರಾಗುವುದೂ ಸುಮಾರಾಗಿ ಅದೇ ಹೊತ್ತಿಗೆ.

ಇನ್ನು ಎರೆ ಮಣ್ಣು. ಮಳೆ ಹಿಡಿದರೆ ನಾಲ್ಕೈದು ದಿನ ಹೊಲಕ್ಕೆ ಕಾಲಿಡುವಂತಿಲ್ಲ. ಮೊಣಕಾಲವರೆಗೆ ಹೂತು ಹೋಗುತ್ತದೆ. ರೋಗ ಹರಡುವುದು ಸರಿಯಾಗಿ ಆ ನಾಲ್ಕೈದು ದಿನದಲ್ಲಿ. ನಾವು ಬದುವಿನ ಮೇಲೆ ನಿಂತು ನೋಡುತ್ತಾ ಇರಬೇಕು. ಹೋದ ಮುಂಗಾರಿನಲ್ಲಿ ಮಳೆ ಬಿಟ್ಟ ಮರುದಿನವೇ ಡ್ರೋನ್ ಬಂತು. ಕೆಸರಿಗೆ ಒಂದು ಹೆಜ್ಜೆಯೂ ಇಡದೆ ಎರಡೂವರೆ ಎಕರೆ ಸೂರ್ಯಕಾಂತಿಗೆ ಔಷಧ ಬಿತ್ತು. ಅವತ್ತು ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ನೀರಿನ ಲೆಕ್ಕವೂ ದೊಡ್ಡದು. ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರು ಬೇಕು. ಒಣಬೇಸಾಯದ ಹೊಲಕ್ಕೆ ಅದನ್ನು ಡ್ರಮ್ಮಿನಲ್ಲಿ ತುಂಬಿ ಟ್ರ್ಯಾಕ್ಟರಿನಲ್ಲೋ ಚಕ್ಕಡಿಯಲ್ಲೋ ಹೊರಬೇಕು. ಡ್ರೋನಿಗೆ ಎಕರೆಗೆ ಸುಮಾರು 10 ಲೀಟರ್ ಸಾಕು, ಹತ್ತು ನಿಮಿಷದ ಒಳಗೆ ಕೆಲಸ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ವಿಷದ ಮಂಜಿನೊಳಗೆ ಮನುಷ್ಯ ನಡೆಯುವುದು ತಪ್ಪುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ವಿಷವೇರಿ ಇಪ್ಪತ್ತರಷ್ಟು ರೈತರು, ಕೂಲಿಗಳು ಸತ್ತರು. ಆ ಸುದ್ದಿ ಓದಿದ ಮೇಲೆ ನಮ್ಮ ಹೊಲಕ್ಕೆ ಎಣ್ಣೆ ಹೊಡೆಯಲು ಬರುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಎದೆ ಅಳುಕುತ್ತದೆ. ಬಹಳಷ್ಟು ಸಲ ಅವರ ಬಾಯಿಗೆ ಒಂದು ಟವೆಲ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಈಗ ತೊಂದರೆಯ ಮಾತು. ನಮಗೆ ಕೃಷಿ ಇಲಾಖೆಯವರು, ಅಂಗಡಿಯವರು, ಪುಸ್ತಕಗಳು ಎಲ್ಲ ಹೇಳಿಕೊಟ್ಟಿರುವುದು ಲೀಟರ್ ಲೆಕ್ಕ. 'ಲೀಟರ್ ನೀರಿಗೆ ಇಷ್ಟು ಎಂ.ಎಲ್., ಇಷ್ಟು ಗ್ರಾಂ.' ಡ್ರೋನಿಗೆ ಬೇಕಾಗಿರುವುದು ಎಕರೆ ಲೆಕ್ಕ. ಇದು ಸಣ್ಣ ವಿಷಯವಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಸೂರ್ಯಕಾಂತಿ ತೆನೆಯ ಸುತ್ತಿನ ಹಳದಿ ದಳ ಬಿಚ್ಚುವ ಹೊತ್ತಿಗೆ ಲೀಟರಿಗೆ 2 ಗ್ರಾಂ ಬೋರಾಕ್ಸ್ (ಬೆಳೆಗೆ ಬೋರಾನ್ ಪೋಷಕಾಂಶ ಕೊಡುವ ಪುಡಿ) ಹೊಡೆದರೆ ಕಾಳು ಚೆನ್ನಾಗಿ ಕಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಎಕರೆಗೆ 200 ಲೀಟರ್ ಅಂದರೆ 400 ಗ್ರಾಂ ಆಯಿತು. ಅದೇ 400 ಗ್ರಾಂ ಅನ್ನು ಡ್ರೋನಿನ 10 ಲೀಟರ್ ಟ್ಯಾಂಕಿಗೆ ಹಾಕಿದರೆ ಲೀಟರಿಗೆ 40 ಗ್ರಾಂ! ಇಪ್ಪತ್ತು ಪಟ್ಟು ಗಟ್ಟಿ. ತಣ್ಣೀರಿನಲ್ಲಿ ಅಷ್ಟು ಬೋರಾಕ್ಸ್ ಸುಲಭಕ್ಕೆ ಕರಗುವುದೂ ಇಲ್ಲ, ಕರಗದೆ ಉಳಿದದ್ದು ನಾಜಲ್‌ಗೆ ಸಿಕ್ಕಿಕೊಳ್ಳುತ್ತದೆ. ಲೀಟರಿಗೆ 2 ಗ್ರಾಮೇ ಸಾಕು ಅಂದುಕೊಂಡರೆ ಎಕರೆಗೆ ಬೀಳುವುದು ಬರೀ 20 ಗ್ರಾಂ. ಅದರಿಂದ ಏನು ಪ್ರಯೋಜನ? ಹಾಗಾದರೆ ಎಷ್ಟು ಹಾಕಬೇಕು? ಡ್ರೋನ್ ತಂದ ಹುಡುಗನನ್ನು ಕೇಳಿದೆ. 'ನೀವು ಹೇಳಿದಷ್ಟು ಹಾಕ್ತೀನ್ರಿ ಅಣ್ಣಾರ' ಅಂದ. ಅಂಗಡಿಯವರು ಒಂದು ಅಂದಾಜು ಹೇಳಿದರು. ಕೊನೆಗೆ ಬೋರಾಕ್ಸ್ ಅನ್ನು ಕೈಪಂಪಿನಲ್ಲೇ ಹೊಡೆದೆವು.

2023ರ ಏಪ್ರಿಲ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹತ್ತು ಬೆಳೆಗಳಿಗೆ ಡ್ರೋನ್ ಸಿಂಪಡಣೆಯ ಮಾರ್ಗಸೂಚಿ ಬಿಡುಗಡೆ ಮಾಡಿತು. ಶೇಂಗಾ, ಕುಸುಬಿ, ಎಳ್ಳು, ಸೋಯಾಬೀನ್ ಅದರಲ್ಲಿವೆ. ಸಂತೋಷ. ಆದರೆ ಸೂರ್ಯಕಾಂತಿ ಆ ಪಟ್ಟಿಯಲ್ಲಿ ಇರಲಿಲ್ಲ. ದೇಶದಲ್ಲಿ ಸೂರ್ಯಕಾಂತಿ ಅಂದರೆ ಮೊದಲು ನೆನಪಾಗುವ ರಾಜ್ಯ ನಮ್ಮದು. ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು ಈ ಕೆಲಸ ಕೈಗೆತ್ತಿಕೊಳ್ಳಬೇಕು. ಔಷಧ, ಬೋರಾನ್, ನ್ಯಾನೊ ಗೊಬ್ಬರ ಒಂದೊಂದಕ್ಕೂ ಎಕರೆಗೆ ಎಷ್ಟು, ಎಷ್ಟು ನೀರಿನಲ್ಲಿ, ಬೆಳೆಗಿಂತ ಎಷ್ಟು ಎತ್ತರದಿಂದ ಅಂತ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಡಬೇಕು.

ಜೇನಿನ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸೂರ್ಯಕಾಂತಿಯ ಕಾಳು ತುಂಬುವುದೇ ಜೇನಿನಿಂದ. ಜೇನು ಕಡಿಮೆಯಾದ ವರ್ಷ ನನ್ನ ತಾಯಿ ಬೆಳಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು, ಪರಾಗ ಹರಡಲಿ ಅಂತ ಒಂದೊಂದೇ ತೆನೆ ಸವರುತ್ತಿದ್ದರು. ಡ್ರೋನ್ ಬೇಗ ಕೆಲಸ ಮುಗಿಸುತ್ತದೆ. ಹಾಗೆಯೇ ತಪ್ಪನ್ನೂ ಅಷ್ಟೇ ಬೇಗ ಮಾಡುತ್ತದೆ. ಹೋದ ವರ್ಷ ನಮ್ಮ ಪಕ್ಕದ ಹೊಲದಲ್ಲಿ ಪೂರ್ತಿ ಅರಳಿದ ಬೆಳೆಗೆ ಬೆಳಗಿನ ಹತ್ತು ಗಂಟೆಗೆ ಕೀಟನಾಶಕ ಬಿಟ್ಟರು. ಅದು ಜೇನು ಹೂವಿನ ಮೇಲೇ ಇರುವ ಹೊತ್ತು. ಸಂಜೆ ಸಾಲಿನಲ್ಲಿ ಬಿದ್ದ ಜೇನು ನೋಡಿ ಆ ಹೊಲದವರೇ ಕಣ್ಣೀರು ಹಾಕಿದರು. ಡ್ರೋನಿನವನಿಗೆ ಆ ದಿನ ಇನ್ನೂ ಮೂರು ಊರಿಗೆ ಹೋಗಬೇಕಿತ್ತು. ಅವನು ಸಂಜೆಯವರೆಗೆ ಕಾಯಲಿಲ್ಲ. ಅರಳಿದ ಹೂವಿಗೆ ಕೀಟನಾಶಕ ಬೇಡ. ಹೊಡೆಯಲೇಬೇಕು ಅಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ. ಇದನ್ನು ತರಬೇತಿಯಲ್ಲಿ ಹೇಳಿಕೊಟ್ಟರೆ ಸಾಲದು, ಬಾಡಿಗೆ ರಸೀದಿಯ ಮೇಲೆಯೇ ಅಚ್ಚು ಹಾಕಬೇಕು. ರೇಷ್ಮೆ ಬೆಳೆಯುವ ಕಡೆ ಪಕ್ಕದ ಹಿಪ್ಪುನೇರಳೆಗೆ ಹನಿ ಹಾರಬಾರದು ಅನ್ನುವ ಎಚ್ಚರವೂ ಅಷ್ಟೇ ಮುಖ್ಯ. ಗಾಳಿ ಜೋರಿದ್ದರೆ ಡ್ರೋನ್ ನೆಲದ ಮೇಲೇ ಇರಲಿ.

ಮತ್ತೊಂದು ತೊಂದರೆ, ಬೇಕಾದ ದಿನ ಡ್ರೋನ್ ಸಿಗುವುದಿಲ್ಲ. ಹೇನು ಕಂಡ ಮೇಲೆ ಫೋನ್ ಮಾಡಿದರೆ 'ಐದು ಎಕರೆಗಿಂತ ಕಡಿಮೆ ಇದ್ರ ಬರೋದಿಲ್ರಿ' ಅಂದರು. ನಮ್ಮಲ್ಲಿ ಎಷ್ಟು ಜನರಿಗೆ ಒಂದೇ ಕಡೆ ಐದು ಎಕರೆ ಕುಸುಬಿ ಇರುತ್ತದೆ ಹೇಳಿ? ಈ ಹಿಂಗಾರಿಗೆ ಅಕ್ಕಪಕ್ಕದ ಏಳು ಜನ ಸೇರಿ ಹತ್ತೊಂಬತ್ತು ಎಕರೆ ಒಟ್ಟು ಮಾಡಿದೆವು. ಎಕರೆಗೆ 400 ರೂಪಾಯಿಗೆ ಒಪ್ಪಿ ಬಂದರು. ಹೇಳಿದ ದಿನಕ್ಕೇ ಬಂದರು. ಬೇರೆ ಊರಿನವರೂ ಹೀಗೆ ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಬಿತ್ತುವಾಗಲೇ ಮಾತಾಡಿಕೊಂಡು ಒಂದಕ್ಕೊಂದು ತಾಗಿದ ಹೊಲಗಳಲ್ಲಿ ಒಂದೇ ಬೆಳೆ ಹಾಕಿದರೆ ಇನ್ನೂ ಒಳ್ಳೆಯದು.

2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ 1,261 ಕೋಟಿ ರೂಪಾಯಿ ಒಪ್ಪಿತು. ಬೆಲೆಯ ಶೇ 80ರಷ್ಟು, ಅಂದರೆ 8 ಲಕ್ಷ ರೂಪಾಯಿವರೆಗೆ ಸಹಾಯಧನ. ಒಳ್ಳೆಯ ಯೋಜನೆ. ನಮ್ಮ ಹೆಣ್ಣುಮಕ್ಕಳು ಬಹಳ ಶಿಸ್ತಿನಿಂದ ಕೆಲಸ ಮಾಡುತ್ತಾರೆ. ಆದರೆ ಡ್ರೋನ್ ಹೊಲಕ್ಕೆ ಬರಬೇಕಾದರೆ ವಾಹನ ಬೇಕು. ಒಂದು ಬ್ಯಾಟರಿ ಹತ್ತು, ಹದಿನೈದು ನಿಮಿಷ ಬಂದರೆ ಹೆಚ್ಚು. ಹಾಗಾಗಿ ನಾಲ್ಕೈದು ಜೊತೆ ಬ್ಯಾಟರಿ ಬೇಕು, ಹೊಲದಲ್ಲೇ ಚಾರ್ಜ್ ಮಾಡಲು ಜನರೇಟರ್ ಬೇಕು. ರೆಕ್ಕೆ ಮುರಿದರೆ ರಿಪೇರಿಗೆ ಎಲ್ಲಿಗೆ ಹೋಗಬೇಕು? ಹೋಬಳಿಗೊಂದು ಕೃಷಿ ಯಂತ್ರಧಾರೆ ಕೇಂದ್ರ ಅಂತ ನಮ್ಮ ರಾಜ್ಯ ಈಗಾಗಲೇ ಮಾಡಿದೆ. ಟ್ರ್ಯಾಕ್ಟರ್, ಕೂರಿಗೆ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಡ್ರೋನ್ ಸಂಘಗಳನ್ನು ಆ ಕೇಂದ್ರಗಳಿಗೆ ಜೋಡಿಸಿದರೆ ವಾಹನ, ಬ್ಯಾಟರಿ, ರಿಪೇರಿ ಮೂರಕ್ಕೂ ಒಂದು ದಾರಿ ಆಗುತ್ತದೆ, ಅಲ್ವಾ?

ಇದಕ್ಕೆ ದುಡ್ಡಿಲ್ಲ ಅನ್ನುವ ಹಾಗಿಲ್ಲ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ದರ ಏರಿದ್ದು ಯಾವ ಮನೆಯವರೂ ಮರೆತಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಎಣ್ಣೆಕಾಳುಗಳಿಗಾಗಿಯೇ 10,103 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್ ಒಪ್ಪಿತು. 2022-23ರಲ್ಲಿ 390 ಲಕ್ಷ ಟನ್ ಇದ್ದ ಎಣ್ಣೆಕಾಳು ಉತ್ಪಾದನೆಯನ್ನು 2030-31ಕ್ಕೆ 697 ಲಕ್ಷ ಟನ್‌ಗೆ ಏರಿಸುವ ಗುರಿ ಅದರದು. ಬೆಲೆ ಸಿಗದೆ ಇದು ಆಗುವುದಿಲ್ಲ. 2025-26ಕ್ಕೆ ಸೂರ್ಯಕಾಂತಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,721 ರೂಪಾಯಿ. ಖರೀದಿ ಕೇಂದ್ರ ಕೊಯ್ಲಿಗೆ ಮುಂಚೆಯೇ ತೆರೆದರೆ ಮಾತ್ರ ಅದು ನಮ್ಮ ಕೈಗೆ ಬರುತ್ತದೆ. ನಮ್ಮೂರಿನಲ್ಲಿ ಸೂರ್ಯಕಾಂತಿ ಬಿಟ್ಟು ಗೋವಿನಜೋಳಕ್ಕೆ ಹೋದವರೆಲ್ಲ ಹೇಳುವುದು ಎರಡೇ ಕಾರಣ. ಒಂದು ಬೆಲೆ, ಇನ್ನೊಂದು ಆಳಿನ ಕಷ್ಟ. ಎರಡನೆಯದಕ್ಕೆ ಡ್ರೋನ್ ಉತ್ತರ ಆಗಬಲ್ಲದು.

ಮುಂದಿನ ಬಿತ್ತನೆಗೆ ಮುಂಚೆ ಆ ಎಕರೆ ಲೆಕ್ಕದ ಹಾಳೆ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಬರಲಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರು ನಮ್ಮ ಹೊಲದಲ್ಲಿ ಪ್ರಯೋಗ ಮಾಡುತ್ತೇವೆ ಅಂದರೆ ಒಂದು ಎಕರೆ ಬಿಟ್ಟುಕೊಡಲು ನಾನು ತಯಾರಿದ್ದೇನೆ. ಹಾಳೆ ತಯಾರಾದ ದಿನ ನಿಮ್ಮ ಪತ್ರಿಕೆಯಲ್ಲೂ ಅಚ್ಚು ಹಾಕಿ ಸಂಪಾದಕರೇ. ನಾವು ಅದನ್ನು ಕತ್ತರಿಸಿ ಡ್ರೋನ್ ತರುವ ಹೆಣ್ಣುಮಗಳ ಕೈಗೆ ಕೊಡುತ್ತೇವೆ.

ಇಂತಿ,
ಒಬ್ಬ ರೈತ ಓದುಗ
ರೋಣ ತಾಲ್ಲೂಕು, ಗದಗ ಜಿಲ್ಲೆ