ಮಾಗಡಿ ಕೆರೆಗೆ ರಾಮ್ಸರ್ ಪಟ್ಟ, ನಮ್ಮೂರ ಕೆರೆಗೆ ಕಟ್ಟಡದ ಮಣ್ಣು: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ ನಮಸ್ಕಾರಗಳು.

ನಾನು ಗದಗ ಜಿಲ್ಲೆಯವನು, ನಿವೃತ್ತ ಮಾಸ್ತರ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನಮ್ಮೂರಿಂದ ದೂರವೇನಿಲ್ಲ, ಬೈಕಿನಲ್ಲಿ ಅರ್ಧ ಗಂಟೆ. ಚಳಿಗಾಲ ಬಂತೆಂದರೆ ಬೆಳಿಗ್ಗೆ ಹೋಗಿ ಆ ಕೆರೆ ಏರಿಯ ಮೇಲೆ ಕೂರುವುದು ನನಗೊಂದು ಚಟ. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ, ಅದು ಇಲ್ಲಿ ಬೇಡ.

ಬಿಸಿಲು ಏರುವ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹೊಲಗಳಿಂದ ವಾಪಸ್ ಬರುತ್ತವೆ. ಮೊದಲು ಸದ್ದು, ಆಮೇಲೆ ಹಕ್ಕಿ. ರಾತ್ರಿಯೆಲ್ಲ ಶೇಂಗಾ, ಕಡಲೆ ಹೊಲದಲ್ಲಿ ಮೇದು, ಹಗಲು ನೀರಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ, ಯಾರೋ ಇದ್ದಿಲಿನಲ್ಲಿ ಎಳೆದ ಹಾಗೆ. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ನೀರಿನ ದಂಡೆಗಳಲ್ಲಿ. ಹಿಮಾಲಯ ದಾಟುವಾಗ 7 ಸಾವಿರ ಮೀಟರಿಗಿಂತ ಎತ್ತರಕ್ಕೆ ಏರಿದ್ದೂ ದಾಖಲಾಗಿದೆ. ಅಷ್ಟು ಹಾರಿ ಬಂದ ಹಕ್ಕಿ ನಮ್ಮ ಹೊಲದಲ್ಲಿ ನಾಲ್ಕು ಕಾಳು ತಿಂದರೆ ಹೊಡೆಯಬೇಕು ಅಂತ ನಮ್ಮ ಕಡೆಯ ರೈತರಿಗೆ ಅನಿಸಿಲ್ಲ. ಹಿಕ್ಕೆ ಗೊಬ್ಬರ ಆಗುತ್ತದೆ ಬಿಡು ಅನ್ನುತ್ತಾರೆ.

2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಗೂ ಆಗಲೇ ಆ ಪಟ್ಟ ಸಿಕ್ಕಿತು. ಅದಕ್ಕೂ ಮೊದಲು ರಾಜ್ಯದಲ್ಲಿ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬರೀ ಸುಮಾರು 50 ಹೆಕ್ಟೇರಿನ ಕೆರೆ, 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ದೇಶಗಳು ಕೂತು ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ!

ಈಗ ನನ್ನ ತಕರಾರಿಗೆ ಬರುತ್ತೇನೆ. ಹೆಬ್ಬಾತು ಮಾಗಡಿ ಒಂದನ್ನೇ ನಂಬಿಕೊಂಡು ಬರುವುದಿಲ್ಲ. ಅಲ್ಲಿ ಗದ್ದಲ ಜಾಸ್ತಿಯಾದರೆ, ನೀರು ಕಡಿಮೆಯಾದರೆ ಸುತ್ತಲಿನ ಕೆರೆಗಳಿಗೆ ಹೋಗುತ್ತದೆ. ನಮ್ಮೂರ ಕೆರೆಗೂ ಬರುತ್ತದೆ. ಎರಡು ವರ್ಷದಿಂದ ಆ ಕೆರೆಯ ಅಂಗಳಕ್ಕೆ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಮಣ್ಣು, ಒಡೆದ ಇಟ್ಟಿಗೆ, ಕೋಳಿ ಅಂಗಡಿಯ ಹೊಲಸು ತಂದು ಸುರಿಯುತ್ತಿದ್ದಾರೆ. ಫೋಟೊ ತೆಗೆದುಕೊಂಡು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಮಾಸ್ತರ್ರ, ಇದು ನೀರಾವರಿ ಕೆರಿರೀ. ಜೌಗು ಪ್ರದೇಶದ ಕಾನೂನಿನಾಗ ಬರಂಗಿಲ್ಲ" ಅಂದರು.

ಮನೆಗೆ ಬಂದು ನಿಯಮ ಓದಿದೆ. ಅವರು ಹೇಳಿದ್ದು ತಪ್ಪಲ್ಲ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ಒತ್ತುವರಿ ಬೇಡ, ಕಸ ಸುರಿಯಬೇಡಿ, ನೀರು ನಿಲ್ಲುವ ಗಡಿಯಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಬೇಡ ಅಂತೆಲ್ಲ ಚೆನ್ನಾಗಿಯೇ ಬರೆದಿದೆ. ಆದರೆ ಜೌಗು ಪ್ರದೇಶ ಅಂದರೆ ಏನು ಅಂತ ಹೇಳುವ ಸಾಲಿನಲ್ಲೇ ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಜನ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿದ್ದಾರೆ. ನಮ್ಮ ಬಯಲುಸೀಮೆಯಲ್ಲಿ ಆ ಎರಡಕ್ಕಲ್ಲದೆ ಇನ್ಯಾವುದಕ್ಕೆ ಕೆರೆ ಕಟ್ಟಿದ್ದಾರೆ, ಸ್ವಾಮಿ? ಸಹಜ ಸರೋವರ ಎಲ್ಲಿಂದ ತರೋಣ?

ಮಾಗಡಿಯೂ ಮಳೆ ನೀರು ನಿಲ್ಲಿಸಿ ಹೊಲಕ್ಕೆ ಬಿಡಲು ಕಟ್ಟಿದ ಕೆರೆಯೇ. ಅಂಕಸಮುದ್ರವೂ ಹಾಗೆಯೇ. ಅವು ಉಳಿದದ್ದು ಸರ್ಕಾರ ಸಂರಕ್ಷಿತ ಮೀಸಲು ಅಂತ ಘೋಷಿಸಿದ್ದಕ್ಕೆ. ನಮ್ಮ ಕೆರೆಗೂ ಅವಕ್ಕೂ ಇರುವ ಫರಕು ಒಂದು ಆದೇಶ ಮಾತ್ರ.

ವಿಚಿತ್ರ ನೋಡಿ. ಈ ಹೆಬ್ಬಾತನ್ನು ಯಾರಾದರೂ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಅದು ಇಳಿಯುವ ನೀರಿಗೆ ಮಣ್ಣು ತುಂಬಿದರೆ ನಮ್ಮ ಅರ್ಜಿ ಟೇಬಲ್ಲಿಂದ ಟೇಬಲ್ಲಿಗೆ. ಹೊರಗಡೆ ಮಾತ್ರ ನಮ್ಮ ದೇಶ ದೊಡ್ಡ ಮಾತು ಕೊಟ್ಟಿದೆ. ವಲಸೆ ಜೀವಿಗಳ ಒಪ್ಪಂದಕ್ಕೆ ಸೇರಿದ್ದು 1983ರಲ್ಲಿ. 2020ರಲ್ಲಿ ಅದರ ಸಮಾವೇಶ ಗಾಂಧಿನಗರದಲ್ಲೇ ನಡೆಯಿತು. 2024ರ ಫೆಬ್ರುವರಿಯಲ್ಲಿ ಸಮರ್‌ಕಂಡ್‌ನಲ್ಲಿ ಸೇರಿದ ದೇಶಗಳು ಮಧ್ಯ ಏಷ್ಯಾದ ಹಕ್ಕಿ ಹಾದಿಯನ್ನು ಕಾಪಾಡುವ ಯೋಜನೆಗೆ ಒಪ್ಪಿ, ಅದರ ಸಮನ್ವಯ ಘಟಕ ಭಾರತದಲ್ಲಿ ಇರಲಿ ಅಂದವು. ಸುಮಾರು 30 ದೇಶಗಳ ಮೇಲೆ ಹಾಯುವ ಹಾದಿ ಅದು. ಅದರ ದಕ್ಷಿಣದ ತುದಿಯಲ್ಲಿ ನಮ್ಮೂರ ಕೆರೆ ಇದೆ, ಇಟ್ಟಿಗೆ ಚೂರುಗಳ ಸಮೇತ.

ಹೊಸ ಕಾನೂನು ಮಾಡಿ ಅಂತ ನಾನು ಕೇಳುತ್ತಿಲ್ಲ. ವನ್ಯಜೀವಿ ಕಾಯ್ದೆಯ 36ಎ ಕಲಂ ನಿಮ್ಮ ಕೈಯಲ್ಲೇ ಇದೆ. ಸರ್ಕಾರಿ ಜಾಗವನ್ನು, ಸ್ಥಳೀಯರನ್ನು ಕೇಳಿ, ಸಂರಕ್ಷಿತ ಮೀಸಲು ಅಂತ ಘೋಷಿಸಬಹುದು. ಅದರ ಸಮಿತಿಯಲ್ಲಿ ಗ್ರಾಮ ಪಂಚಾಯತಿಯವರೂ ಇರುತ್ತಾರೆ. ರೈತರಿಗೆ ಇರುವ ಹೆದರಿಕೆ ಒಂದೇ: ಅರಣ್ಯ ಇಲಾಖೆ ಬಂದರೆ ನೀರು ಬಿಡುವುದಿಲ್ಲ, ಕುರಿ ಇಳಿಸಲು ಬಿಡುವುದಿಲ್ಲ ಅಂತ. ಅದನ್ನು ಕಾಗದದಲ್ಲಿ ಬಿಡಿಸಿ ಬರೆದುಕೊಡಿ. ಮಾಗಡಿಯ ಸುತ್ತ ಹೆಬ್ಬಾತು ಇಳಿಯುವ ಕೆರೆಗಳನ್ನು ಒಂದು ಚಳಿಗಾಲ ಎಣಿಸಿ, ಒಂದೇ ಗುಂಪು ಅಂತ ಸೇರಿಸಿ. ಎಣಿಸಲು ಜನ ಬೇಕಾದರೆ ನನ್ನ ಹಳೇ ವಿದ್ಯಾರ್ಥಿಗಳು ಇದ್ದಾರೆ, ಚಹಾ ಕೊಡಿಸಿದರೆ ಸಾಕು.

ಇನ್ನೊಂದು ಮಾತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಉಪಗ್ರಹದಿಂದ ಗುರುತಿಸಿದ 2,01,503 ಜೌಗು ಪ್ರದೇಶಗಳಿಗೆ ಕಸ, ಒತ್ತುವರಿ ತಡೆಯುವ ಆಗಿನ 2010ರ ನಿಯಮದ ತತ್ವ ಅನ್ವಯಿಸಬೇಕು ಎಂದಿತ್ತು. 2.25 ಹೆಕ್ಟೇರಿಗಿಂತ ದೊಡ್ಡವೆಲ್ಲ ಆ ಲೆಕ್ಕದಲ್ಲಿವೆ. ನಮ್ಮ ಜಿಲ್ಲೆಯ ಯಾವ ಯಾವ ಕೆರೆ ಅದರಲ್ಲಿದೆ ಅನ್ನುವ ಪಟ್ಟಿಯನ್ನು, ಸರ್ವೆ ನಂಬರ್ ಸಮೇತ, ಪಂಚಾಯತಿ ಗೋಡೆಗೆ ಅಂಟಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಹೆಬ್ಬಾತುಗಳು ನವೆಂಬರಿನಲ್ಲಿ ಬರುತ್ತವೆ. ಘೋಷಣೆ ತಡವಾಗುತ್ತದೆ, ಗೊತ್ತು. ಟ್ರ್ಯಾಕ್ಟರ್ ನಿಲ್ಲಿಸಲು ಒಂದು ಫೋನ್ ಸಾಕಲ್ವಾ? ಅಷ್ಟನ್ನು ಅವು ಬರುವುದರೊಳಗೆ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಗದಗ ಜಿಲ್ಲೆಯ ಒಬ್ಬ ನಿವೃತ್ತ ಮಾಸ್ತರ